ಆಟಿಯಲ್ಲಿ ಹೋದ ಲೈಸೆನ್ಸು

ಡೊಂಬಿವಲಿಯಲ್ಲಿ ಒಂದು ಕಾಲಕ್ಕೆ ಕಾಗೆ ಗೂಡು ಕಟ್ಟಬೇಕಾದರೂ ದೇಜಪ್ಪಣ್ಣನ ಸಹಿ ಬೇಕಿತ್ತು. ಸಹಿ ಇಲ್ಲದೆ ಕಟ್ಟಿದ ಗೂಡುಗಳಿಂದ ಮೊಟ್ಟೆ ಉರುಳಿ ಹಳಿಯ ಮೇಲೆ ಬಿದ್ದು ಕರ್ಜತ್ ಲೋಕಲ್ ತಡವಾದ ಉದಾಹರಣೆಗಳಿವೆ. ನಂಬದವರು ಆ ಕಾಲದ ಪ್ರಯಾಣಿಕರನ್ನು ಕೇಳಬಹುದು. ಮೊಟ್ಟೆಯ ವಿಷಯ ಅವರಿಗೆ ಗೊತ್ತಿರಲಾರದು, ಲೋಕಲ್ ತಡವಾದದ್ದನ್ನಂತೂ ಒಪ್ಪುತ್ತಾರೆ.

ದೇಜಪ್ಪಣ್ಣನ ಊರು ಕಿನ್ನಿಗೋಳಿಯ ಆಚೆ. ಓದಿದ್ದು ಏಳನೆಯ ಕ್ಲಾಸು. ಮುಂಬಯಿಗೆ ಬಂದವರು ಮೊದಲು ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದರು. ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಒಬ್ಬ ಪಾರ್ಸಿ ಆರ್ಕಿಟೆಕ್ಟರ ಆಫೀಸು. ಒಂದು ದಿನ ಚಹಾ ಕೊಡಲು ಮೇಲೆ ಹೋದ ದೇಜಪ್ಪಣ್ಣ ಹದಿನೈದು ವರ್ಷ ಕೆಳಗಿಳಿಯಲಿಲ್ಲ. ಮೊದಲು ಪೆನ್ಸಿಲು ಚೂಪು ಮಾಡಿದರು, ಆಮೇಲೆ ಗೆರೆ ಎಳೆದರು, ಆಮೇಲೆ ಟೇಪು ಹಿಡಿದು ಸೈಟಿಗೆ ಹೋದರು, ಕೊನೆಗೆ ಪೂರ್ತಿ ಪ್ಲ್ಯಾನೇ ತೆಗೆಯತೊಡಗಿದರು. ಹೋಟೆಲಿನ ಧಣಿ ತನ್ನ ಚಹಾದ ಕಪ್ಪು ವಾಪಸು ಬರಲಿಲ್ಲವೆಂದು ಸಾಯುವವರೆಗೂ ಹೇಳುತ್ತಿದ್ದರಂತೆ.

ಪಾರ್ಸಿ ಮುದುಕರು ಆಫೀಸು ಮುಚ್ಚಿದ ಮೇಲೆ ದೇಜಪ್ಪಣ್ಣ ಡೊಂಬಿವಲಿಗೆ ಬಂದು, ಬಾಡಿಗೆಯ ಎರಡು ಕೋಣೆಗಳಲ್ಲಿ ಮುಂದಿನದನ್ನು ಆಫೀಸು ಮಾಡಿದರು. ಹಿಂದಿನ ಕೋಣೆಯಲ್ಲಿ ಹೆಂಡತಿ ದಮಯಂತಿ ಮತ್ತು ಗಂಡ ತೀರಿಹೋದ ಮೇಲೆ ತಮ್ಮನ ಜೊತೆಗೇ ಇದ್ದ ಅಕ್ಕ ಬಾಗಿ. ಅದು ಎಪ್ಪತ್ತೊಂದನೆಯ ಇಸವಿ. ಊರು ಆಗ ನಗರಪಾಲಿಕೆಯ ಕೈಯಲ್ಲಿತ್ತು. ಮನೆ ಕಟ್ಟುವವರ ಪ್ಲ್ಯಾನಿಗೆ ಲೈಸೆನ್ಸು ಇದ್ದವನ ಸಹಿ ಬೇಕು. ಲೈಸೆನ್ಸು ಬೇಕಾದವನು ಪಾಲಿಕೆಯ ಇಂಜಿನಿಯರ್ ಸಾಹೇಬರ ಎದುರು ನಿಲ್ಲಬೇಕು. ಅಷ್ಟೇ ಇದ್ದ ಕಾನೂನು. ಸಾಹೇಬರು ಪಾರ್ಸಿ ಮುದುಕರು ಬರೆದುಕೊಟ್ಟಿದ್ದ ಪತ್ರ ಓದಿದರು, ದೇಜಪ್ಪಣ್ಣನ ಹಳೆಯ ಪ್ಲ್ಯಾನು ಒಂದನ್ನು ಬೆಳಕಿಗೆ ಹಿಡಿದು ನೋಡಿದರು, ಬೆರಳಿನ ಶಾಯಿಯ ಕಲೆ ನೋಡಿದರು. ಲೈಸೆನ್ಸು ಕೊಟ್ಟರು. ಮಾತುಕತೆ ಪೂರ್ತಿ ಮರಾಠಿಯಲ್ಲಿ, ಅದರಲ್ಲಿ ಅರ್ಧ ಮಳೆಯ ಬಗ್ಗೆ.

ಐದಾರು ವರ್ಷ ಕಳೆದ ಮೇಲೆ ಕೈ ನೋಡುವುದು ನಿಂತು ಕಾಗದ ನೋಡುವುದು ಶುರುವಾಯಿತು. ಇಷ್ಟು ವರ್ಷದ ಅನುಭವ ಇದೆ ಎಂದು ದೊಡ್ಡಮನುಷ್ಯರು ಬರೆದುಕೊಡಬೇಕು. ದೇಜಪ್ಪಣ್ಣ ಬರೆಸಿಕೊಂಡು ಬಂದರು. ಅವರು ಮನೆ ಕಟ್ಟಿಸಿಕೊಟ್ಟವರೆಲ್ಲ ಅಷ್ಟರಲ್ಲಿ ದೊಡ್ಡಮನುಷ್ಯರಾಗಿದ್ದರು.

ಅವರ ಸಹಿಯ ಬಗ್ಗೆ ಒಂದು ಮಾತು ಹೇಳಬೇಕು. ನೆಲಮಹಡಿಯ ಚಾಳಿಗೆ ಅದರ ಬಾಲ ಗಿಡ್ಡ. ಮಹಡಿ ಏರಿದಷ್ಟೂ ಬಾಲ ಉದ್ದ. ನಾಲ್ಕು ಮಹಡಿಯ ಬಿಲ್ಡಿಂಗಿಗೆ ಹಾಕಿದ ಸಹಿಯ ಬಾಲ ಕಾಗದ ಮುಗಿದು, ಮೇಜು ಮುಗಿದು, ಕಿಟಕಿಯಿಂದ ಹೊರಗೆ ಹೋಗಿ ಎದುರಿನ ಹಿಟ್ಟಿನ ಗಿರಣಿಯ ಬೋರ್ಡಿಗೆ ಅಡ್ಡಗೆರೆ ಹಾಕಿತೆಂದು ಗಿರಣಿಯವನು ಜಗಳಕ್ಕೆ ಬಂದಿದ್ದ. ಒಬ್ಬ ಮನುಷ್ಯ ತನ್ನ ಹೆಸರು ಬರೆದ ಕೂಡಲೇ ಖಾಲಿ ಜಾಗದಲ್ಲಿ ಮನೆ ಏಳಬಹುದು ಎಂಬುದನ್ನು ದೇಜಪ್ಪಣ್ಣ ಹದಿಮೂರು ವರ್ಷ ಅನುಭವಿಸಿದರು. ಅವರಿಗೆ ಬೇರೆ ಚಟ ಇರಲಿಲ್ಲ.

ಎಂಬತ್ತರ ಆಚೆಗೆ ಠಾಣೆಯೂ ಕಲ್ಯಾಣವೂ ಮಹಾನಗರಪಾಲಿಕೆಗಳಾದವು. ಡೊಂಬಿವಲಿ ಕಲ್ಯಾಣದ ಪಾಲಿಗೆ ಸೇರಿತು. ಅಷ್ಟರಲ್ಲಿ ಬೇರೆ ಯಾವುದೋ ಊರಿನಲ್ಲಿ ಐದು ಮಹಡಿಯ ಬಿಲ್ಡಿಂಗೊಂದು ಪಕ್ಕದ ಬಿಲ್ಡಿಂಗಿನ ಹೆಗಲಿಗೆ ತಲೆ ಇಟ್ಟು ಮಲಗಿತ್ತು. ಅದರ ಪ್ಲ್ಯಾನಿಗೆ ಸಹಿ ಹಾಕಿದವನು ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದನಂತೆ. ಕಾನೂನಿಗೆ ಸಿಟ್ಟು ಬಂತು. ಸುಮ್ಮನೆ ಬಂದ ಸಿಟ್ಟಲ್ಲ. ದೇಜಪ್ಪಣ್ಣ ಕೂಡ ಕಾಂಕ್ರೀಟಿನ ಲೆಕ್ಕವನ್ನು ಪೂರ್ತಿ ಮಾಡುವವರಲ್ಲ. ಸಂಶಯ ಬಂದಲ್ಲಿ ಒಂದು ಸರಳು ಹೆಚ್ಚಿಗೆ ಹಾಕು ಎಂದು ಪಾರ್ಸಿ ಮುದುಕರು ಹೇಳಿಕೊಟ್ಟಿದ್ದರು, ಇವರಿಗೆ ಸಂಶಯ ಎಲ್ಲ ಕಡೆಯೂ ಬರುತ್ತಿತ್ತು. ಅವರ ಬಿಲ್ಡಿಂಗುಗಳಲ್ಲಿ ಇಟ್ಟಿಗೆಗಿಂತ ಕಬ್ಬಿಣ ಜಾಸ್ತಿ. ಗುಡುಗು ಮಿಂಚು ಬಂದರೆ ಸಿಡಿಲು ಮುಂಬಯಿ ಬಿಟ್ಟು ನೇರ ಡೊಂಬಿವಲಿಗೆ ಬರುತ್ತಿತ್ತು.

ಎಂಬತ್ತನಾಲ್ಕನೆಯ ಇಸವಿಯ ಜುಲೈಯಲ್ಲಿ ಕಲ್ಯಾಣದ ಕಚೇರಿಯ ಗೋಡೆಗೆ ಒಂದು ನೋಟೀಸು ಅಂಟಿತು. ಇನ್ನು ಮುಂದೆ ಪ್ಲ್ಯಾನಿಗೆ ಸಹಿ ಹಾಕಲು ಇಂಜಿನಿಯರಿಂಗ್ ಡಿಗ್ರಿ ಇಲ್ಲವೇ ಡಿಪ್ಲೊಮಾ ಬೇಕು. ಹಳಬರಿಗೆ ಒಂದು ದಯೆ: ಆಗಸ್ಟ್ ಹದಿನಾಲ್ಕರ ಒಳಗೆ ಬಂದು, ಮೂವರು ಇಂಜಿನಿಯರುಗಳ ಸಮಿತಿಯ ಮುಂದೆ ಕೂತು ನಾಲ್ಕು ಪ್ರಶ್ನೆಗೆ ಉತ್ತರ ಹೇಳಿದರೆ, ಹಳೆಯ ಅನುಭವದ ಮೇಲೆಯೇ ಹೊಸ ಲೈಸೆನ್ಸು, ಹೊಸ ನಂಬರು. ತಾರೀಖು ತಪ್ಪಿದರೆ ಹಳೆಯ ಲೈಸೆನ್ಸು ರದ್ದು.

ನೋಟೀಸು ಅಂಟಿದ ಮರುದಿನ ಆಟಿ ತಿಂಗಳು ಹಿಡಿಯಿತು.

ತುಳುನಾಡಿನವರಿಗೆ ಆಟಿ ಎಂದರೆ ಜುಲೈಯ ನಡುವಿನಿಂದ ಆಗಸ್ಟಿನ ನಡುವಿನವರೆಗೆ. ಆ ತಿಂಗಳಲ್ಲಿ ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಹೊಸ ಅಂಗಡಿ ಇಲ್ಲ, ಹೊಸತು ಎಂಬುದೇ ಇಲ್ಲ. ಸೋಣ ತಿಂಗಳ ಸಂಕ್ರಮಣ ಬಂದ ಮೇಲೆಯೇ ಎಲ್ಲ. ಇನ್ನು ಆ ಮನೆಯಲ್ಲಿ, ಹಳೆಯ ಕಟ್ಟಿನ ಪ್ರಕಾರ, ಅಕ್ಕನ ಮಾತು ಮುಗಿದ ಮೇಲೆ ಬೇರೆ ಮಾತಿಲ್ಲ. ನೋಟೀಸಿನ ಸುದ್ದಿ ತಮ್ಮ ತಂದ ಸಂಜೆ ಬಾಗಿಯಕ್ಕ ಬಂಗುಡೆ ಮೀನು ಕೊಯ್ಯುತ್ತ ಕೂತಿದ್ದರು. ಮನೆಯ ಮಾತು ತುಳುವಿನಲ್ಲಿ ನಡೆಯಿತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಇದು ಹೊಸ ಕೆಲಸವಾ, ಹಳೆ ಕೆಲಸವಾ?" ಬಾಗಿಯಕ್ಕ ಕೇಳಿದರು.

"ಹಳೆಯದೇ ಅಕ್ಕ. ವರ್ಷ ವರ್ಷ ರಿನ್ಯೂ ಮಾಡಿದ ಹಾಗೆ."

"ನಂಬರು?"

"ನಂಬರು ಹೊಸತು."

"ಕೊಡುವವರು?"

"ಅವರೂ ಹೊಸಬರು."

"ನಂಬರು ಹೊಸತು, ಕೊಡುವವರು ಹೊಸಬರು, ಅವರು ಕೂತ ಕುರ್ಚಿಯೂ ಹೊಸತೇ ಇರ್ಬಹುದು. ಮತ್ತೆ ಇದರಲ್ಲಿ ಹಳೆಯದು ಎಂತದ್ದು ಮಾರಾಯ, ನೀನೊಬ್ಬನಾ?"

ದಮಯಂತಿ ಅನ್ನದ ಪಾತ್ರೆಯ ಹಿಂದಿನಿಂದ ಹೇಳಿದರು: "ಹೋಗಿ ಕೂತು ಬರ್ಲಿ ಅತ್ತಿಗೆ. ನಾಲ್ಕು ಮಾತು ಹೇಳ್ಲಿಕ್ಕೆ ಆಟಿ ಎಂತಕ್ಕೆ ಅಡ್ಡ?"

"ನಿನ್ನ ಮದುವೆಯ ಮಾತಿಗೆ ನಿನ್ನ ಅಪ್ಪ ಆಟಿಯಲ್ಲೇ ಬಂದಿದ್ರು. ಚಾವಡಿಯಿಂದಲೇ ವಾಪಸು ಕಳಿಸಿದ್ದೆ. ಸೋಣದಲ್ಲಿ ಬಂದ್ರು, ಮದುವೆ ಆಯ್ತು. ಎಂತ ನಷ್ಟ ಆಯ್ತು ಹೇಳು?"

ದಮಯಂತಿ ಗಂಡನನ್ನು ಒಮ್ಮೆ ನೋಡಿ ಅನ್ನ ಬಸಿಯಲು ಹೋದರು.

"ಎರಡು ದಿನ ತಡವಾದ್ರೆ ಸರಕಾರ ಮುಳುಗುದಿಲ್ಲ," ಎಂದರು ಬಾಗಿಯಕ್ಕ. "ಸಂಕ್ರಮಣದ ಮರುದಿನ ಹೋಗು. ಹದಿಮೂರು ವರ್ಷ ಇದ್ದದ್ದು ಎಲ್ಲಿಗೆ ಓಡ್ತದೆ?"

ದೇಜಪ್ಪಣ್ಣ "ಹ್ಞೂಂ" ಎಂದರು.

ಅಂಬಾರಾಯ ಮಾತ್ರ ಇದನ್ನು ಕೇಳಿ ತಲೆ ಚಚ್ಚಿಕೊಂಡ. ಅಂಬಾರಾಯ ಜೇವರ್ಗಿ ಕಡೆಯವನು, ಮುಕಾದಮ. ದೇಜಪ್ಪಣ್ಣ ಸಹಿ ಹಾಕಿದ ಬಿಲ್ಡಿಂಗುಗಳನ್ನು ಮಣ್ಣಿನಿಂದ ಮೇಲೆತ್ತುತ್ತಿದ್ದದ್ದು ಅವನು ಊರಿನಿಂದ ಕರೆತಂದ ಆಳುಗಳು.

"ಅಲ್ರೀ ಧಣ್ಯಾರ, ಸರಕಾರಕ್ಕ ಆಟಿ ಗೀಟಿ ಗೊತ್ತಿರಂಗಿಲ್ರಿ. ಅದಕ್ಕ ಗೊತ್ತಿರೋದು ತಾರೀಖು ಒಂದ," ಎಂದ. "ನಮ್ಮ ಶರಣಬಸಮ್ಮ ಹೋದ ವರ್ಷ ನಿಮ್ಮ ಆಟ್ಯಾಗ ಹಡದಾಳ್ರಿ. ಸೋಣ ಬರ್ಲಿ ಅಂತ ಕೂಸು ಒಳಗ ಕುಂದರ್ಲಿಲ್ಲ."

"ಅಕ್ಕ ಹೇಳಿ ಆಯ್ತು ಅಂಬಾರಾಯ."

"ಪ್ಲ್ಯಾನಿಗಿ ಅಕ್ಕಾರು ಸಹಿ ಹಾಕ್ತಾರೇನ್ರಿ?"

ದೇಜಪ್ಪಣ್ಣ ಅದಕ್ಕೂ "ಹ್ಞೂಂ" ಎಂದರು. ಪ್ರಶ್ನೆ ಕೇಳಿಸಿತ್ತೋ ಇಲ್ಲವೋ.

ಸೋಣ ಸಂಕ್ರಮಣದ ಮರುದಿನ ಅವರು ಇಸ್ತ್ರಿಯ ಅಂಗಿ ತೊಟ್ಟು, ಅಕ್ಕ ಹಚ್ಚಿದ ಕುಂಕುಮದ ಸಮೇತ ಕಲ್ಯಾಣಕ್ಕೆ ಹೋದರು. ಕಾರಕೂನ ಮುಖ ಎತ್ತದೆ "ಮುದತ್ ಸಂಪ್ಲಿ ಕಾಕಾ" ಎಂದ, ಅಂದರೆ ಗಡುವು ಮುಗಿಯಿತು. ದೇಜಪ್ಪಣ್ಣ ಅಲ್ಲೇ ನಿಂತದ್ದರಿಂದ, ಬಹಳ ಹೊತ್ತು ನಿಂತದ್ದರಿಂದ, ಅವರನ್ನು ಫೈಲಿನ ಕಪಾಟೆಂದು ತಿಳಿದು ಒಬ್ಬ ಜವಾನ ಮೇಲೆ ಧೂಳು ಹೊಡೆಯಲು ಬಂದದ್ದರಿಂದ, ಸಾಹೇಬರೇ ಒಳಗೆ ಕರೆದರು.

"ಮೊದಲೇ ಯಾಕೆ ಬರಲಿಲ್ಲ?" ಸಾಹೇಬರು ಮರಾಠಿಯಲ್ಲಿ ಕೇಳಿದರು.

"ನಮ್ಮಲ್ಲಿ ಆಟಿ ಅಂತ ಒಂದು ತಿಂಗಳು ಇದೆ ಸಾಹೇಬ್. ಹೊಸತು ಏನೂ ಮಾಡುವ ಹಾಗಿಲ್ಲ."

ಸಾಹೇಬರು ನಗಲಿಲ್ಲ. "ತಿಳಿಯಿತು. ನಮ್ಮಲ್ಲಿ ಪಿತೃಪಕ್ಷ. ಎಷ್ಟೋ ವರ್ಷ ಕಾದ ಮೇಲೆ ಸ್ಕೂಟರಿನ ನಂಬರು ಪಿತೃಪಕ್ಷದಲ್ಲೇ ಬಂತು, ಹೆಂಡತಿ ತರಲು ಬಿಡಲಿಲ್ಲ. ಆದರೆ ಕಾಕಾ, ಸ್ಕೂಟರು ಅಂಗಡಿಯಲ್ಲಿ ನಿಂತಿತ್ತು. ಇದು ಮೇಲಿನವರು ಹಾಕಿದ ತಾರೀಖು. ಇದು ನಿಲ್ಲುವುದಿಲ್ಲ."

ಆಮೇಲೆ, ಏನಾದರೂ ಕೊಟ್ಟು ಕಳಿಸಬೇಕೆನ್ನಿಸಿತೋ ಏನೋ, ಇನ್ನೊಂದು ಮಾತು ಹೇಳಿದರು. ಸೈಟ್ ಸೂಪರ್‌ವೈಸರ್ ಎಂಬ ಸಣ್ಣ ಲೈಸೆನ್ಸು ಒಂದಿದೆ. ಅದಕ್ಕೆ ಡಿಪ್ಲೊಮಾ ಬೇಡ, ಕೊನೆಯ ತಾರೀಖೂ ಇಲ್ಲ. ಇಂಜಿನಿಯರೊಬ್ಬನ ಕೈಕೆಳಗೆ ಸೈಟು ನೋಡಿಕೊಳ್ಳಬಹುದು, ಪ್ಲ್ಯಾನಿಗೆ ಸಹಿ ಹಾಕುವಂತಿಲ್ಲ. ಅದಕ್ಕೂ ಸಮಿತಿಯ ಮುಂದೆ ಬಂದು ಕೂರಬೇಕು.

"ನೋಡುತ್ತೇನೆ," ಎಂದು ದೇಜಪ್ಪಣ್ಣ ಎದ್ದರು.

ಮನೆಗೆ ಬಂದು "ಆಗಲಿಲ್ಲ" ಎಂದರು.

"ಎಂತ ಆಗಲಿಲ್ಲ?" ಬಾಗಿಯಕ್ಕನ ಕೈಯಲ್ಲಿ ಸೌಟು ಇತ್ತು.

"ತಾರೀಖು ಮುಗಿದಿದೆ. ಇನ್ನು ಸಹಿ ಇಲ್ಲ."

ಕೈಕಾಲು ತೊಳೆದು ಊಟಕ್ಕೆ ಕೂತರು. ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಮಜ್ಜಿಗೆಗೆ ಉಪ್ಪು ಇಲ್ಲವೆಂದು ಹೇಳಿ ಉಪ್ಪು ಹಾಕಿಸಿಕೊಂಡರು. ಊಟ ಆದ ಮೇಲೆ ಏಣಿ ತಂದು, ಹೊರಗೆ ತೂಗುತ್ತಿದ್ದ ಲೈಸೆನ್ಸ್ಡ್ ಸರ್ವೇಯರ್ ಎಂಬ ಬೋರ್ಡನ್ನು ತಾವೇ ಇಳಿಸಿ, ಬರಹ ಗೋಡೆಯ ಕಡೆಗೆ ಮಾಡಿ ಮಂಚದ ಹಿಂದೆ ನಿಲ್ಲಿಸಿದರು.

ಅಂದಿನಿಂದ ಅವರಿಗೆ ಏನೂ ಆಗದಂತಾಯಿತು. ಚಹಾ ಬಿಸಿ ಇದ್ದರೂ ಅದೇ ವೇಗದಲ್ಲಿ ಕುಡಿದರು, ತಣ್ಣಗಿದ್ದರೂ ಅದೇ ವೇಗದಲ್ಲಿ. ಡೊಂಬಿವಲಿಯ ಸೊಳ್ಳೆಗಳು, ಎಮ್ಮೆಯ ಚರ್ಮಕ್ಕೂ ಹೆದರದ ಜಾತಿ, ಆ ವರ್ಷ ಅವರನ್ನು ಕಚ್ಚುವುದು ಬಿಟ್ಟವು; ಹೊಡೆಯಲು ಕೈ ಎತ್ತದವನ ರಕ್ತದಲ್ಲಿ ರುಚಿ ಎಲ್ಲಿಂದ. ದೀಪಾವಳಿಗೆ ಯಾರೋ ಪಟಾಕಿಯ ಸರವನ್ನು ಅವರ ಕುರ್ಚಿಯ ಕೆಳಗೇ ಹಚ್ಚಿದರು. ಎಲ್ಲ ಸಿಡಿದು ಹೊಗೆ ಆರಿದ ಮೇಲೆ ದೇಜಪ್ಪಣ್ಣ ಪೇಪರಿನ ಪುಟ ಮಗುಚಿದರು.

ಹೊಟ್ಟೆಪಾಡಿಗೆ ತೊಂದರೆ ಆಗಲಿಲ್ಲ. ಮೋಹನದಾಸ ಎಂಬ ಹುಡುಗ, ಮೂಲ್ಕಿ ಕಡೆಯವರ ಮಗ, ಹುಟ್ಟಿದ್ದು ಇಲ್ಲೇ, ಬಿ.ಇ. ಮಾಡಿ ನೆರೂಳದ ಹೊಸ ವಸಾಹತಿನ ಕೆಲಸದಲ್ಲಿ ಮೂರ್ನಾಲ್ಕು ವರ್ಷ ಇದ್ದವನು, ಹೊಸ ಕಾನೂನಿನ ಹೊಸ ಲೈಸೆನ್ಸು ಹಿಡಿದು ಡೊಂಬಿವಲಿಗೆ ಬಂದ. ಅವನ ಕನ್ನಡಕ್ಕೆ ಹಿಂದಿಯ ಊರುಗೋಲು.

"ದೇಜಪ್ಪಣ್ಣ, ನೀವು ಪ್ಲ್ಯಾನ್ ತೆಗೀರಿ, ಮೈ ಹಿಸಾಬ್ ದೇಖೂಂಗಾ. ಸೈನ್ ನಾನು ಹಾಕ್ತೇನೆ. ನಿಮ್ಗೆ ಬೇಜಾರ್ ತೋ ನಹೀಂ?"

"ಇಲ್ಲ," ಎಂದರು ದೇಜಪ್ಪಣ್ಣ. ನಿಜಕ್ಕೂ ಬೇಜಾರು ಇರಲಿಲ್ಲ. ಏನೂ ಇರಲಿಲ್ಲ.

ಮೋಹನದಾಸ ಒಳ್ಳೆಯವನು. ಕಣ್ಣುಮುಚ್ಚಿ ಸಹಿ ಹಾಕುವವನಲ್ಲ. ಕೂತು ಲೆಕ್ಕ ಹಾಕಿ, ಇಲ್ಲಿ ತೊಲೆ ದಪ್ಪವಾಗಬೇಕು, ಅಲ್ಲಿ ಇಷ್ಟು ಕಬ್ಬಿಣ ಬೇಡ ಎಂದು ತಿದ್ದುತ್ತಿದ್ದ. ಸಿಡಿಲುಗಳು ಮರಳಿ ಮುಂಬಯಿಯ ಕಡೆ ಹೋಗತೊಡಗಿದವು. ದೇಜಪ್ಪಣ್ಣ ತಿದ್ದಿದ್ದನ್ನೆಲ್ಲ ಒಪ್ಪಿ ಮತ್ತೆ ಬರೆದು, ಕೊನೆಗೆ ಪ್ಲ್ಯಾನಿನ ಬಲಮೂಲೆಯ ಚೌಕದಲ್ಲಿ ಇಂಜಿನಿಯರನ ಹೆಸರು ಬರೆಯುತ್ತಿದ್ದರು. ಹದಿಮೂರು ವರ್ಷ ತನ್ನ ಹೆಸರು ಬರೆದ ಜಾಗ. ಮೋಹನದಾಸನ ಹೆಸರನ್ನು ಅವರು ಎಷ್ಟು ಚಂದ ಬರೆಯುತ್ತಿದ್ದರೆಂದರೆ, ಅವನ ತಾಯಿ ಒಂದು ಹಳೆಯ ಪ್ಲ್ಯಾನು ಬೇಡಿ ಒಯ್ದು ದೇವರ ಕೋಣೆಯಲ್ಲಿ ಫ್ರೇಮು ಹಾಕಿಸಿದರು.

ಈ ಎಲ್ಲದರಲ್ಲಿ ಸೊರಗಿದ್ದು ಬಾಗಿಯಕ್ಕ. ತಮ್ಮ ಬೈಯುತ್ತಾನೆ ಎಂದು ಅವರು ಕಾದರು. ಬೈಯಲಿಲ್ಲ. ಬಟ್ಟಲು ಬಿಸಾಡುತ್ತಾನೆ ಎಂದು ಸ್ಟೀಲಿನ ಬಟ್ಟಲೇ ಇಟ್ಟರು. ಬಿಸಾಡಲಿಲ್ಲ. ಮೀನಿನ ನಡುತುಂಡು ಅವನಿಗೇ ಹಾಕಿದರು, ತಿಂದ. ಮರೆತು ತಲೆ ಹಾಕಿದರೂ ತಿಂದ. ಒಂದು ಮಧ್ಯಾಹ್ನ ಅವರಿಗೆ ತಡೆಯಲಿಲ್ಲ.

"ನನ್ನ ಮಾತು ಕೇಳಿ ನಿನ್ನ ಕೈ ಹೋಯ್ತು. ಒಮ್ಮೆ ಬೈದುಬಿಡು ಮಾರಾಯ, ನನಗೂ ಊಟ ಇಳೀಲಿ."

"ಎಂತಕ್ಕೆ ಬೈಯುದು ಅಕ್ಕ. ಆದದ್ದು ಆಯ್ತು."

ಹೀಗೆ ಮರುವರ್ಷದ ಬೇಸಿಗೆ ಬಂತು. ಬಾಗಿಯಕ್ಕನ ದೇಹ ಇಳಿದು, ಕೈಬಳೆ ಮೊಣಕೈ ದಾಟಿ ತೋಳಿಗೆ ಬರುವಂತಾಯಿತು. ಆಗ ಅವರು ಒಂದು ನಿರ್ಧಾರ ಮಾಡಿದರು. ತಪ್ಪು ತನ್ನದು, ತಾನೇ ಹೋಗಿ ಸಾಹೇಬರಿಗೆ ಹೇಳಿದರೆ ಲೈಸೆನ್ಸು ತಮ್ಮನಿಗೆ ವಾಪಸು ಸಿಗಬಹುದು. ದೇಜಪ್ಪಣ್ಣ ಸೈಟಿಗೆ ಹೋದ ಹೊತ್ತು ನೋಡಿ, ಮಾತಿಗೆ ಜೊತೆಯಾಗಲೆಂದು ಅಂಬಾರಾಯನನ್ನು ಕರೆದುಕೊಂಡು ಕಲ್ಯಾಣದ ಲೋಕಲ್ ಹತ್ತಿದರು.

ಸಾಹೇಬರ ಕೋಣೆಯಲ್ಲಿ ಬಾಗಿಯಕ್ಕ ಕೂರಲಿಲ್ಲ. ನಿಂತೇ ಅಂಬಾರಾಯನಿಗೆ ಹೇಳಿದರು: "ಹೇಳು ಅವರಿಗೆ. ಆಟಿಯಲ್ಲಿ ಹೋಗ್ಬೇಡ ಅಂತ ತಡೆದದ್ದು ನಾನು. ದಂಡ ಹಾಕುದಿದ್ರೆ ನನಗೆ ಹಾಕ್ಲಿ. ಜೈಲಿಗೆ ಹಾಕುದಿದ್ರೂ ಬರ್ತೇನೆ, ಸೀರೆ ಒಂದು ಹೆಚ್ಚಿಗೆ ತಂದಿದ್ದೇನೆ."

ಅಂಬಾರಾಯ ಅದನ್ನು ಹಿಂದಿಗೆ ಇಳಿಸಿದ: "ಸಾಬ್, ಅಕ್ಕಾ ಬೋಲ್ತಿ ಹೈ, ಗಲತಿ ಇನ್ಕಾ, ಲೈಸನ್ ಉನ್ಕಾ."

ಸಾಹೇಬರು ಅದೇ ಉತ್ತರ ಕೊಟ್ಟರು. ತಾರೀಖು ಮುಗಿದಿದೆ, ಸೂಪರ್‌ವೈಸರ್ ಲೈಸೆನ್ಸು ಬೇಕಾದರೆ ಇದೆ, ಶುಕ್ರವಾರಕ್ಕೊಮ್ಮೆ ಸಮಿತಿ ಕೂರುತ್ತದೆ. ಬಾಗಿಯಕ್ಕ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಬಾಗಿಲಲ್ಲಿ ನಿಂತಿದ್ದ ಜವಾನ ಅಂಬಾರಾಯನ ಕಡೆ ಬಾಗಿ ಮರಾಠಿಯಲ್ಲಿ ಏನೋ ಹೇಳಿದ. ಅಂಬಾರಾಯನ ಮುಖ ಸಣ್ಣದಾಯಿತು.

"ಎಂತ ಹೇಳಿದ ಅವ?"

"ಏನಿಲ್ರಿ ಅಕ್ಕಾರ. ನೀರಿಂದು ಮಾತು. ನೀರು ಕುಡೀತೀರೇನ್ ಅಂದ."

"ಅಂಬಾರಾಯ, ಇಷ್ಟು ವರ್ಷ ನಾನು ಡೊಂಬಿವಲಿಯಲ್ಲಿ ಮೀನು ತಕೊಂಡದ್ದು ಯಾವ ಭಾಷೆಯಲ್ಲಿ ಅಂತ ಮಾಡಿದ್ದಿ? ನಿನ್ನನ್ನು ತಂದದ್ದು ಕಚೇರಿಯ ಮಾತಿಗೆ. ಇದು ನನಗೆ ತಿಳೀತದೆ. ಆ ಕಾಕಾ ಕೊನೇ ದಿನ ಬಂದಿದ್ರು ಅಂದ ಅವ. ಹೌದಾ ಅಲ್ವಾ?"

ಅಂಬಾರಾಯ ನೆಲ ನೋಡಿದ. "ಹೌದ್ರಿ."

ಜವಾನ ಹೇಳಿದ್ದು ಇಷ್ಟು. ಆಗಸ್ಟ್ ಹದಿನಾಲ್ಕರಂದು ಆ ಕಾಕಾ, ಪ್ಲ್ಯಾನಿನ ಉದ್ದ ಕೊಳವೆ ಕಂಕುಳಲ್ಲಿ ಇಟ್ಟುಕೊಂಡು, ಇದೇ ಬೆಂಚಿನ ಮೇಲೆ ಕೂತಿದ್ದರು. ಮುಂದಿನ ಪಾಳಿ ಅವರದೇ. ಒಳಗೆ ಹೋಗಿ ಎಂದದ್ದಕ್ಕೆ, ನೀರು ಕುಡಿದು ಬರ್ತೇನೆ ಎಂದು ಎದ್ದು ಹೋದರು. ಬರಲಿಲ್ಲ. ಜವಾನನಿಗೆ ನೆನಪು ಉಳಿಯಲು ಕಾರಣ, ಅವರು ಕೊಳವೆಯನ್ನು ಬಿಟ್ಟುಹೋಗಿದ್ದರು, ಅವನು ಹಿಂದೆ ಓಡಿ ಸ್ಟೇಷನ್ನಿನಲ್ಲಿ ಕೊಟ್ಟುಬಂದಿದ್ದ.

ಮನೆಗೆ ಬಂದಾಗ ಸಂಜೆಯಾಗಿತ್ತು. ದೇಜಪ್ಪಣ್ಣ ಮುಂದಿನ ಕೋಣೆಯಲ್ಲಿ ಮೇಜಿಗೆ ಬಾಗಿ ಮೋಹನದಾಸನ ಹೆಸರು ಬರೆಯುತ್ತಿದ್ದರು.

"ಕೊನೆಯ ದಿನ ನೀನು ಕಲ್ಯಾಣಕ್ಕೆ ಹೋಗಿದ್ದೆಯಾ?"

ಪೆನ್ನು ನಿಂತಿತು. "ಹೋಗಿದ್ದೆ."

"ಆಟಿಯಲ್ಲಿ?"

"ಆಟಿಯಲ್ಲಿ."

"ನನ್ನ ಹತ್ರ ಹೇಳದೆ?"

"ಹೇಳಿದ್ರೆ ಬಿಡ್ತಿದ್ಯಾ?"

"ಇಲ್ಲ," ಎಂದು ಒಪ್ಪಿದರು ಬಾಗಿಯಕ್ಕ. "ಮತ್ತೆ ಅಷ್ಟು ದೂರ ಹೋದವ ಒಳಗೆ ಎಂತಕ್ಕೆ ಹೋಗ್ಲಿಲ್ಲ?"

ದೇಜಪ್ಪಣ್ಣ ಪೆನ್ನಿನ ಮೂತಿ ಒರೆಸಿದರು. "ಬಾಗಿಲು ತೆರೆದಿತ್ತು ಅಕ್ಕ. ಮೂರು ಜನ ಕೂತಿದ್ರು. ನನ್ನ ಮುಂಚಿನವನ ಹತ್ರ ಇಂಗ್ಲಿಷಿನಲ್ಲಿ ಕೇಳ್ತಿದ್ರು, ಅವ ಟಕಟಕ ಅಂತ ಹೇಳ್ತಿದ್ದ. ನನಗೆ ಉತ್ತರ ಬಿಡು, ಪ್ರಶ್ನೆಯೇ ಗೊತ್ತಾಗ್ಲಿಲ್ಲ. ಎದ್ದು ಬಂದೆ."

"ಮತ್ತೆ ಸಂಕ್ರಮಣದ ಮರುದಿನ ಕುಂಕುಮ ಹಚ್ಚಿಸಿಕೊಂಡು ಹೋದದ್ದು?"

"ನಿನಗೆ ತೋರಿಸ್ಲಿಕ್ಕೆ. ಹೆದರಿದೆ ಅಂತ ಹೇಳುದಕ್ಕಿಂತ ಆಟಿ ಅಂತ ಹೇಳುದು ಸುಲಭ ಆಯ್ತು."

"ಒಂದು ವರ್ಷ ನಾನು ತಿಂದ ಅನ್ನ ಗಂಟಲಲ್ಲಿ ನಿಂತದ್ದು ಗೊತ್ತುಂಟಾ ನಿನಗೆ?"

"ಗೊತ್ತುಂಟು. ನೋಡ್ತಿದ್ದೆ. ಪಾಪ ಅನ್ನಿಸ್ಬೇಕಿತ್ತು, ಅನ್ನಿಸ್ಲಿಲ್ಲ. ಮರಗಟ್ಟಿದ ಕಾಲಿಗೆ ಯಾರೋ ಚಿವುಟಿದ ಹಾಗೆ. ಚಿವುಟುದು ಕಾಣ್ತದೆ, ನೋವು ಮಾತ್ರ ಬರುದಿಲ್ಲ."

ಹಿಂದಿನ ಕೋಣೆಯಲ್ಲಿ ದಮಯಂತಿ ಪಾತ್ರೆಯ ಸದ್ದು ನಿಲ್ಲಿಸಿದ್ದರು. ಬಾಗಿಯಕ್ಕ ತಮ್ಮನನ್ನು ಹೊಡೆಯಬಹುದಿತ್ತು; ಚಿಕ್ಕಂದಿನಲ್ಲಿ ಇದಕ್ಕಿಂತ ಸಣ್ಣದಕ್ಕೆ ಹೊಡೆದಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಶುಕ್ರವಾರ ನೀನು ಬರ್ತೀ ನನ್ನ ಜೊತೆ. ಆ ಸಣ್ಣ ಲೈಸೆನ್ಸಿಗೆ."

"ಇನ್ನು ಅದು ಎಂತಕ್ಕೆ ಅಕ್ಕ?"

"ಲೈಸೆನ್ಸು ಸಿಗ್ಲಿ ಬಿಡ್ಲಿ. ನೀನು ಆ ಬಾಗಿಲು ದಾಟಿದ್ದು ನನಗೆ ನೋಡ್ಬೇಕು. ನೀರು ಬೇಕಾದ್ರೆ ಬಾಟ್ಲಿಯಲ್ಲಿ ನಾನೇ ತರ್ತೇನೆ, ನೀನು ಏಳುದು ಬೇಡ."

ಶುಕ್ರವಾರ ಇಬ್ಬರೂ ಅದೇ ಬೆಂಚಿನ ಮೇಲೆ ಕೂತರು. ಜವಾನ ಬಾಗಿಲು ತೆರೆದ. ದೇಜಪ್ಪಣ್ಣ ಎದ್ದವರು ಬಾಟಲಿಯ ಕಡೆ ನೋಡಿದರು, ಅಕ್ಕನ ಕಡೆ ನೋಡಿದರು, ಒಳಗೆ ಹೋದರು. ಬಾಗಿಯಕ್ಕ ಬಾಗಿಲ ಬುಡಕ್ಕೇ ಬಂದು ನಿಂತದ್ದರಿಂದ ಜವಾನನಿಗೆ ನಿಲ್ಲಲು ಜಾಗ ಇರಲಿಲ್ಲ.

ಮೂವರಲ್ಲಿ ಒಬ್ಬ ಇಂಗ್ಲಿಷಿನಲ್ಲಿ ಏನೋ ಕೇಳಿದ. ದೇಜಪ್ಪಣ್ಣ "ನಹೀಂ ಮಾಲೂಮ್" ಎಂದರು. ಅವನು ಬರೆದುಕೊಂಡ. ಇನ್ನೊಬ್ಬ ಅದನ್ನೇ ಮರಾಠಿಯಲ್ಲಿ ಕೇಳಿದ. ಅರ್ಧ ಗೊತ್ತಿತ್ತು, ಅರ್ಧ ಹೇಳಿದರು. ಅದನ್ನೂ ಬರೆದುಕೊಂಡರು. ಮೂರನೆಯವನು, ಹೊಸ ಸ್ಲ್ಯಾಬಿಗೆ ಎಷ್ಟು ದಿನ ನೀರು ಕಟ್ಟುತ್ತೀರಿ ಎಂದ. ಹೇಳಿದರು. ಸರಿ, ಕಾಗದ ಪೋಸ್ಟಿನಲ್ಲಿ ಬರುತ್ತದೆ ಎಂದರು.

ಆ ಲೈಸೆನ್ಸು ಬಂತು. ಮುಂದೆ ಬಹಳ ವರ್ಷ ದೇಜಪ್ಪಣ್ಣ ಮೋಹನದಾಸನ ಸೈಟುಗಳನ್ನು ನೋಡಿಕೊಂಡರು, ಹಾಜರಿ ಪುಸ್ತಕದಲ್ಲಿ ಬಾಲವಿಲ್ಲದ ಸಣ್ಣ ಸಹಿ ಹಾಕಿದರು. ಅದು ಆಮೇಲಿನ ಮಾತು. ಆ ದಿನ ಹೊರಗೆ ಬಂದಾಗ ಬಾಗಿಯಕ್ಕ ಕೇಳಿದರು:

"ಅಷ್ಟೇಯಾ?"

"ಅಷ್ಟೇ."

"ಗೊತ್ತಿಲ್ಲ ಅಂದದ್ದಕ್ಕೆ ಬೈಲಿಲ್ವಾ?"

"ಇಲ್ಲ. ಬರೆದುಕೊಂಡ್ರು."

ಸ್ಟೇಷನ್ನಿನವರೆಗೂ ನಡೆದ ಮೇಲೆ ಬಾಗಿಯಕ್ಕ ಮತ್ತೆ ಕೇಳಿದರು. "ಅಂದು ಒಳಗೆ ಹೋಗಿದ್ರೂ ಇಷ್ಟೇ ಇರ್ತಿತ್ತಾ?"

"ಇಷ್ಟೇ ಇರ್ತಿತ್ತು."

ಲೋಕಲ್ ಬಂತು. ಅಕ್ಕ ಹೆಂಗಸರ ಡಬ್ಬಿಗೆ, ತಮ್ಮ ಪಕ್ಕದ ಡಬ್ಬಿಗೆ ಹತ್ತಿದರು. ಡೊಂಬಿವಲಿಯಲ್ಲಿ ಬಾಗಿಯಕ್ಕ ಇಳಿದರು. ತಮ್ಮ ಇಳಿಯಲಿಲ್ಲ. ಗಾಡಿ ಹೊರಟುಹೋಯಿತು. ಬಾಗಿಯಕ್ಕ ಪ್ಲ್ಯಾಟ್‌ಫಾರಮ್ಮಿನ ಕಂಬಕ್ಕೆ ಒರಗಿ ನಿಂತರು. ಎದುರಿನಿಂದ ಬಂದ ಗಾಡಿಗಳಿಂದ ಅರ್ಧ ಮುಂಬಯಿ ಇಳಿಯಿತು, ಇವರ ಮನುಷ್ಯ ಇಲ್ಲ. ಕಂಬ ಇವರಿಗೆ ಒರಗಿದೆಯೋ ಇವರು ಕಂಬಕ್ಕೆ ಒರಗಿದ್ದಾರೋ ತಿಳಿಯದಷ್ಟು ಹೊತ್ತಾದ ಮೇಲೆ, ಬಿಸಿಲು ಇಳಿಯುವಾಗ, ದೇಜಪ್ಪಣ್ಣ ಸೇತುವೆಯ ಮೆಟ್ಟಿಲು ಇಳಿದು ಬಂದರು. ಕಣ್ಣು ಮೂಗು ಕೆಂಪಾಗಿ ಊದಿತ್ತು.

"ಎಲ್ಲಿಗೆ ಹೋಗಿದ್ದಿ?"

"ಠಾಣೆ."

"ಠಾಣೆಯಲ್ಲಿ ಎಂತ ಉಂಟು?"

"ಎಂತದೂ ಇಲ್ಲ. ಇಳೀಲಿಕ್ಕೆ ಆಗ್ಲಿಲ್ಲ ಅಕ್ಕ. ಡೊಂಬಿವಲಿ ಬರುವಷ್ಟರಲ್ಲಿ ಜೋರಾಗಿ ಅಳು ಬಂತು. ದಿವಾ ಬಂತು, ಮುಂಬ್ರಾ ಬಂತು, ನಿಲ್ಲಲೇ ಇಲ್ಲ."

"ಅಷ್ಟು ಜನರ ನಡುವೆ?"

"ಅಷ್ಟು ಜನರ ನಡುವೆ. ಒಬ್ಬ ಎದ್ದು ಕಿಟಕಿಯ ಸೀಟು ಕೊಟ್ಟ."

ಬಾಗಿಯಕ್ಕ ನಂಬಲಿಲ್ಲ. ಅಳುವನ್ನು ನಂಬಿದರು, ಸೀಟನ್ನು ನಂಬಲಿಲ್ಲ. ಆ ಸಾಲಿನ ಲೋಕಲಿನಲ್ಲಿ ಯಾರಾದರೂ ಕಿಟಕಿಯ ಸೀಟು ಬಿಟ್ಟುಕೊಟ್ಟದ್ದನ್ನು ನಾವೂ ಬೇರೆ ಕಡೆ ಕೇಳಿಲ್ಲ. ಆದರೆ ದೇಜಪ್ಪಣ್ಣ ಎಷ್ಟು ಸಲ ಕೇಳಿದರೂ ಹಾಗೆಯೇ ಹೇಳಿದರು, ಅದನ್ನು ಹಾಗೆಯೇ ಬರೆದಿದೆ.